ಲೋ ಕಾರ್ಬ್‌ನಲ್ಲಿ ಶುಗರ್, ಕೀಟೋನ್ ನಂಬರ್ ವಿಚಿತ್ರವಾಗಿ ಬರ್ತಿದ್ಯಾ? ಮೊದ್ಲು ಎಲ್ಲಿ ಹುಡುಕ್ಬೇಕು

ಲೋ ಕಾರ್ಬ್, ಅಂದ್ರೆ ಅನ್ನ, ರೊಟ್ಟಿ, ಸಕ್ಕರೆ ಥರದ ಕಾರ್ಬೋಹೈಡ್ರೇಟ್ ಕಮ್ಮಿ ಮಾಡೋ ಊಟ ಶುರು ಮಾಡಿ, ಮನೇಲಿ ಶುಗರ್, ಕೀಟೋನ್ (ಲಿವರು ಕೊಬ್ಬಿಂದ ಮಾಡೋ ವಸ್ತು) ನೋಡೋ ಮೀಟರ್ ಇಟ್ಕೊಂಡು ಬೆರಳು ಚುಚ್ಕೊಳ್ಳೋಕೆ ಶುರು ಮಾಡಿದ ಮೊದಲ ತಿಂಗಳು ನಂಗೆ ಊಟದ ಯೋಚ್ನೆಗಿಂತ ನಂಬರ್ ಯೋಚ್ನೆನೇ ಜಾಸ್ತಿ ಆಗೋಗಿತ್ತು. ಒಂದಿನ ಬೆಳಿಗ್ಗೆ ಶುಗರ್ 141 ಬಂತು, ಹಿಂದಿನ ದಿನ ತಿಂದಿದ್ದೆಲ್ಲಾ ನೆನೆಸ್ಕೊಂಡು ಒದ್ದಾಡಿದೆ, ಆಮೇಲೆ ನೋಡಿದ್ರೆ ಹಣ್ಣು ಸಿಪ್ಪೆ ಸುಲಿದ ಕೈಯನ್ನ ಬಟ್ಟೆಗೆ ಒರೆಸ್ಕೊಂಡು ಹಾಗೇ ಚುಚ್ಕೊಂಡಿದ್ದೆ. ಕೈ ತೊಳೆದು ಮತ್ತೆ ನೋಡಿದ್ರೆ 94. ಅವತ್ತಿಂದ ಒಂದು ಕ್ರಮ ಇಟ್ಕೊಂಡಿದೀನಿ: ಮೊದ್ಲು ಬೆರಳು, ಆಮೇಲೆ ಸ್ಟ್ರಿಪ್ಪು (ರಕ್ತದ ಹನಿ ತಾಗಿಸೋ ಪಟ್ಟಿ), ಆಮೇಲೆ ಮೀಟರು, ಆಮೇಲೆ ಟೈಮು, ಆಮೇಲೆ ಊಟ, ಕೊನೇಗೆ ಮಾತ್ರೆ ಮತ್ತೆ ಮೈ. ಖರ್ಚಿಲ್ದೇ ಇರೋದು ಮೊದ್ಲು, ಕಷ್ಟದ್ದು ಆಮೇಲೆ.

ಆದ್ರೆ ಈ ಕ್ರಮ ಮೈ ಚೆನ್ನಾಗಿರೋವಾಗ ಮಾತ್ರ. ವಾಂತಿ ಆಗ್ತಿದೆ, ಹೊಟ್ಟೆ ನೋವು ಬಿಡ್ತಿಲ್ಲ, ಉಸಿರು ಜೋರಾಗಿ ಆಳವಾಗಿ ಎಳೀತಿದೆ, ಮಂಪರು ಮಂಪರು, ಮಾತು ತಡವರಿಸ್ತಿದೆ ಅಂದ್ರೆ ಸ್ಟ್ರಿಪ್ ಎಕ್ಸ್‌ಪೈರಿ ನೋಡ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆ. ಮೀಟರ್ ಏನೇ ಹೇಳ್ಲಿ.

ಇನ್ನೊಂದು, ಯೂನಿಟ್ಟು. ಕೆಳಗೆ ಶುಗರ್ ನಂಬರೆಲ್ಲಾ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನೋ ಲೆಕ್ಕದಲ್ಲಿದೆ, ಕೀಟೋನ್ ನಂಬರ್ ಲೀಟರಿಗೆ ಎಷ್ಟು ಮಿಲಿಮೋಲ್ ಅಂತ. ಕೆಲವು ಮೀಟರ್ ಶುಗರನ್ನೂ ಮಿಲಿಮೋಲ್‌ನಲ್ಲೇ ತೋರಿಸುತ್ತೆ, ಅದನ್ನ 18ರಿಂದ ಗುಣಿಸಿದ್ರೆ ಮಿಲಿಗ್ರಾಂ. ಅಂದ್ರೆ 5.6 ಅಂತ ಬಂದ್ರೆ ಹೆಚ್ಚುಕಮ್ಮಿ 100.

ಎರಡ್ಸಲ ನೋಡಿದ್ರೆ ಎರಡು ನಂಬರ್ ಬರ್ತಿದೆ

102 ಬಂತು, ಎರಡು ನಿಮಿಷ ಬಿಟ್ಟು 111 ಬಂತು ಅಂತ ಗಾಬರಿ ಬೀಳೋರು ತುಂಬಾ ಜನ. ಇದು ದೋಷನೇ ಅಲ್ಲ. ಮನೆ ಮೀಟರ್‌ಗೆ ಇರೋ ಐಎಸ್‌ಒ 15197 ಅನ್ನೋ ಸ್ಟ್ಯಾಂಡರ್ಡ್‌ನ 2013ರ ಆವೃತ್ತಿ ಏನು ಕೇಳುತ್ತೆ ಅಂದ್ರೆ, ನೂರು ರೀಡಿಂಗಲ್ಲಿ 95 ರೀಡಿಂಗು ಲ್ಯಾಬ್ ನಂಬರ್‌ಗಿಂತ ಹೆಚ್ಚು ಆಚೀಚೆ ಹೋಗ್ಬಾರ್ದು, ಶುಗರ್ 100ಕ್ಕಿಂತ ಕಮ್ಮಿ ಇದ್ರೆ 15 ಮಿಲಿಗ್ರಾಂ ಒಳಗೆ, 100 ಅಥವಾ ಮೇಲಿದ್ರೆ ಶೇಕಡಾ 15ರ ಒಳಗೆ. ಲೆಕ್ಕ ಹಾಕಿ, ನಿಜವಾದ ಶುಗರ್ 120 ಇದ್ರೆ 102 ಬಂದ್ರೂ ಪಾಸು, 138 ಬಂದ್ರೂ ಪಾಸು. ಹಂಗಾಗಿ ಐದು ಹತ್ತು ಪಾಯಿಂಟಿನ ವ್ಯತ್ಯಾಸಕ್ಕೆ ಊಟ ಬದಲಾಯಿಸೋದು ಬೇಡ, ವಾರದ ಟ್ರೆಂಡ್ ನೋಡಿ.

40, 50 ವ್ಯತ್ಯಾಸ ಬರ್ತಿದ್ರೆ ಹುಡುಕ್ಬೇಕು. ಸೋಪು ನೀರಲ್ಲಿ ಕೈ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಕೈ ರಕ್ತನ ತೆಳು ಮಾಡಿ ನಂಬರ್ ಇಳಿಸುತ್ತೆ, ಸಿಹಿ ಅಂಟಿದ ಕೈ ಏರಿಸುತ್ತೆ, ಹ್ಯಾಂಡ್ ಸ್ಯಾನಿಟೈಸರ್ ಸಿಹಿನ ತೆಗೆಯಲ್ಲ, ಅದು ನೆನಪಿರ್ಲಿ. ತೊಳೆಯೋಕೆ ಆಗ್ದಿರೋ ಕಡೆ ಇದ್ರೆ ಮೊದಲ ಹನಿ ಒರೆಸಿ ಎರಡನೇ ಹನಿ ಹಾಕಿ. ಬೆರಳನ್ನ ಹಿಂಡಿ ಹಿಂಡಿ ರಕ್ತ ತೆಗೀಬೇಡಿ, ಒಳಗಿನ ನೀರಿನಂಶನೂ ಸೇರ್ಕೊಂಡು ಬರುತ್ತೆ.

ಆಮೇಲೆ ಸ್ಟ್ರಿಪ್ ಡಬ್ಬಿ. ಶುಗರ್ ಸ್ಟ್ರಿಪ್ ಬರೋ ಡಬ್ಬಿಯಲ್ಲೋ ಮುಚ್ಚಳದಲ್ಲೋ ತೇವ ಹೀರೋ ವಸ್ತು ಇರುತ್ತೆ, ಮುಚ್ಚಳ ತೆಗೆದಿಟ್ಟು ಮರೆತ್ರೆ ಒಳಗಿರೋ ಅಷ್ಟೂ ಸ್ಟ್ರಿಪ್ ಹಾಳು. ಬಾತ್‌ರೂಮು, ಒಲೆ ಪಕ್ಕ, ಬಿಸಿಲಲ್ಲಿ ನಿಂತಿರೋ ಕಾರು, ಈ ಮೂರು ಜಾಗ ಬೇಡ. ಸ್ಟ್ರಿಪ್‌ಗಳನ್ನ ಬೇರೆ ಚಿಕ್ಕ ಡಬ್ಬಿಗೆ ಹಾಕಿಟ್ಕೊಳ್ಳೋ ಅಭ್ಯಾಸನೂ ಬಿಟ್ಬಿಡಿ.

ಇಷ್ಟಾದ್ಮೇಲೂ ಅನುಮಾನ ಇದ್ರೆ ಕಂಟ್ರೋಲ್ ಸಲ್ಯೂಷನ್ ತರಿಸಿ. ಎಷ್ಟೋ ಜನಕ್ಕೆ ಇಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲ. ರಕ್ತದ ಬದ್ಲು ಇದ್ರ ಒಂದು ಹನಿ ಹಾಕಿದ್ರೆ ಸ್ಟ್ರಿಪ್ ಡಬ್ಬಿ ಮೇಲೆ ಬರೆದಿರೋ ರೇಂಜ್ ಒಳಗೆ ನಂಬರ್ ಬರ್ಬೇಕು. ಬರ್ಲಿಲ್ವಾ, ಹೊಸ ಡಬ್ಬಿಯ ಸ್ಟ್ರಿಪ್ಪಲ್ಲಿ ನೋಡಿ. ಅದ್ರಲ್ಲೂ ಬರ್ಲಿಲ್ಲ ಅಂದ್ರೆ ತಪ್ಪು ಮೀಟರಿಂದೇ ಇರ್ಬಹುದು. ಶುಗರ್ ಸ್ಟ್ರಿಪ್‌ಗೂ ಕೀಟೋನ್ ಸ್ಟ್ರಿಪ್‌ಗೂ ಒಂದೇ ಸಲ್ಯೂಷನ್ ಹೊಂದುತ್ತಾ ಅಂತ ಕೈಪಿಡಿಲಿ ನೋಡ್ಕೊಳ್ಳಿ, ಬಾಟಲಿ ಓಪನ್ ಮಾಡಿದ ದಿನ ಅದ್ರ ಮೇಲೇ ಬರೆದಿಡಿ, ಯಾಕಂದ್ರೆ ತೆಗೆದ್ಮೇಲೆ ಅದ್ರ ಆಯಸ್ಸು ಕೆಲವೇ ತಿಂಗಳು.

ಮೀಟರು ಸ್ಟ್ರಿಪ್ಪು ಎರಡೂ ಸರಿ ಇದ್ದೂ ಲ್ಯಾಬ್ ನಂಬರ್‌ಗಿಂತ ಯಾವಾಗ್ಲೂ ಜಾಸ್ತಿನೇ, ಇಲ್ಲಾ ಯಾವಾಗ್ಲೂ ಕಮ್ಮಿನೇ ಬರ್ತಿದ್ರೆ ರಕ್ತಹೀನತೆ ಇದ್ಯಾ ನೋಡಿಸಿ. ಕೆಂಪು ರಕ್ತಕಣ ಕಮ್ಮಿ ಇದ್ರೆ ಮೀಟರ್ ಇರೋದಕ್ಕಿಂತ ಜಾಸ್ತಿ ತೋರಿಸೋ ಸಾಧ್ಯತೆ ಇದೆ, ಕಣ ಜಾಸ್ತಿ ಇದ್ರೆ ಉಲ್ಟಾ. ತುಂಬಾ ದೊಡ್ಡ ಡೋಸ್ ವಿಟಮಿನ್ ಸಿ ಕೂಡ ಕೆಲವು ಮೀಟರ್‌ನ ದಾರಿ ತಪ್ಪಿಸುತ್ತೆ.

ಎರರ್ ಬರ್ತಿದೆ, ಕೀಟೋನ್ ಸ್ಟ್ರಿಪ್ ಸುಮ್ಸುಮ್ನೆ ವೇಸ್ಟ್ ಆಗ್ತಿದೆ

ಹೊಟ್ಟೆ ಉರಿಯೋ ವಿಷ್ಯ ಇದು, ಯಾಕಂದ್ರೆ ಕೀಟೋನ್ ಸ್ಟ್ರಿಪ್ ಶುಗರ್ ಸ್ಟ್ರಿಪ್‌ಗಿಂತ ದುಬಾರಿ. ಹೆಚ್ಚಿನ ಸಲ ಕಾರಣ ಒಂದೇ, ರಕ್ತ ಸಾಲ್ದು. ಕೀಟೋನ್ ಸ್ಟ್ರಿಪ್‌ಗೆ ಸಾಮಾನ್ಯವಾಗಿ ಶುಗರ್‌ಗಿಂತ ದೊಡ್ಡ ಹನಿ ಬೇಕು. ಅದಕ್ಕೆ ಕೈನ ಬೆಚ್ಚಗಿನ ನೀರಲ್ಲಿ ತೊಳೀರಿ, ಅರ್ಧ ನಿಮಿಷ ಕೈ ಕೆಳಗೆ ಜೋತು ಬಿಡಿ, ಬೆರಳ ತುದಿಯ ನಟ್ಟನಡುವೆ ಅಲ್ಲ ಪಕ್ಕಕ್ಕೆ ಚುಚ್ಚಿ (ನೋವೂ ಕಮ್ಮಿ), ಹನಿ ದುಂಡಗೆ ನಿಂತ್ಮೇಲೆ ಸ್ಟ್ರಿಪ್ ತುದಿನ ತಾಗಿಸಿ, ಅದೇ ಎಳ್ಕೊಳ್ಳುತ್ತೆ. ಮೇಲಿಂದ ರಕ್ತ ಸುರಿಯೋ ಹಾಗಿಲ್ಲ. ಎರಡೂ ನೋಡ್ಬೇಕಿದ್ರೆ ನಾನು ಮೊದ್ಲು ಕೀಟೋನ್, ಆಮೇಲೆ ಅದೇ ಗಾಯದಿಂದ ಶುಗರ್ ನೋಡ್ತೀನಿ.

ಮೀಟರ್ ತುಂಬಾ ತಣ್ಣಗಿದ್ರೂ ಬಿಸಿ ಇದ್ರೂ ಎರರ್ ಕೊಡುತ್ತೆ, ಅರ್ಧ ಗಂಟೆ ರೂಮಲ್ಲಿಟ್ಟು ನೋಡಿ. ಬ್ಯಾಟರಿ ಬಗ್ಗೆ ಹೇಳೋದೇ ಬೇಡ.

ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಪರದೆ ಮೇಲೆ 'ಹೈ' ಅಥವಾ 'ಲೋ' ಅಂತ ಬಂದ್ರೆ ಅದು ಎರರ್ ಅಲ್ಲ. ಮೀಟರ್ ಅಳೆಯೋಕಾಗೋ ಮಿತಿ ದಾಟಿದೆ ಅಂತ ಅರ್ಥ, ಎಷ್ಟೋ ಮೀಟರಲ್ಲಿ ಶುಗರ್ ಮಿತಿ ಕೆಳಗೆ 20, ಮೇಲೆ 600. ಕೈ ತೊಳೆದು ತಕ್ಷಣ ಇನ್ನೊಂದ್ಸಲ ನೋಡಿ, ಮತ್ತೆ ಅದೇ ಬಂದ್ರೆ ನಿಜ ಅಂತಾನೇ ತಿಳ್ಕೊಂಡು ಸಹಾಯ ಕರೀರಿ.

ಕಾರ್ಬ್ ಬಿಟ್ಟು ವಾರ ಆಯ್ತು, ಕೀಟೋನ್ ಇನ್ನೂ 0.2

ಮೊದ್ಲು ದಿನ ಎಣಿಸಿ. ಲಿವರ್‌ನಲ್ಲಿ ಕೂಡಿಟ್ಟಿರೋ ಸಕ್ಕರೆ, ಅಂದ್ರೆ ಗ್ಲೈಕೋಜನ್, ಖಾಲಿ ಆಗ್ಬೇಕು, ಇನ್ಸುಲಿನ್ ಇಳೀಬೇಕು, ಆಮೇಲೇ ಲಿವರು ಕೊಬ್ಬಿಂದ ಕೀಟೋನ್ ಮಾಡೋಕೆ ಹೊರಡೋದು. ಕಾರ್ಬ್ ದಿನಕ್ಕೆ 20ರಿಂದ 50 ಗ್ರಾಂ ಒಳಗೆ ಇಟ್ರೆ ಹೆಚ್ಚಿನವರಿಗೆ ಎರಡರಿಂದ ನಾಲ್ಕು ದಿನ ಸಾಕು, ಕೆಲವರಿಗೆ ವಾರ ಮೀರುತ್ತೆ. ನೀವು 100 ಗ್ರಾಂ ತಿಂತಾ ಲೋ ಕಾರ್ಬ್ ಅಂತಿದ್ರೆ ಅದು ಲೋ ಕಾರ್ಬೇ, ತಪ್ಪಿಲ್ಲ, ಆದ್ರೆ ಕೀಟೋನ್ ಬರೋದು ಅನುಮಾನ.

ಎರಡನೇದು ನೋಡಿದ ಟೈಮು. ತುಂಬಾ ಜನರಲ್ಲಿ ಬೆಳಿಗ್ಗೆ ಎದ್ದಾಗ ಕೀಟೋನ್ ಕಮ್ಮಿ, ಸಂಜೆಗೆ ಜಾಸ್ತಿ. ಬೆಳಿಗ್ಗೆ 0.3 ಇದ್ದಿದ್ದು ಸಂಜೆ 0.9 ಆಗಿರೋದನ್ನ ನನ್ನ ನೋಟ್‌ಬುಕ್ಕಲ್ಲೇ ಎಷ್ಟೋ ಸಲ ಬರೆದಿದೀನಿ. ಒಂದು ವಾರ ದಿನಾ ಅದೇ ಟೈಮಿಗೆ ನೋಡಿ, ಹಿಂದಿನ ದಿನದ ಜೊತೆ ಹೋಲಿಸೋಕೆ ಅರ್ಥ ಬರೋದು ಆಗ್ಲೇ.

ಮೂರನೇದು ಕದ್ದು ಬರೋ ಕಾರ್ಬು. ಸಾಸು, ಕೆಮ್ಮಿನ ಸಿರಪ್ಪು, ಚೀಪೋ ಮಾತ್ರೆ, 'ಶುಗರ್ ಫ್ರೀ' ಅಂತ ಬರೆದಿರೋ ಬಿಸ್ಕತ್ತು ಚಾಕೊಲೇಟಲ್ಲಿರೋ ಮಾಲ್ಟಿಟಾಲ್ (ಶುಗರ್ ಏರಿಸೋ ಒಂದು ಸಿಹಿಕಾರಕ). ಇದನ್ನ ಮೀಟರಲ್ಲೇ ಹಿಡೀಬಹುದು, ತಿನ್ನೋ ಮುಂಚೆ ಒಂದು ಶುಗರ್, ತಿಂದು ಒಂದು ಗಂಟೆಗೆ, ಎರಡು ಗಂಟೆಗೆ ಒಂದೊಂದು. 40 ಏರಿದ್ರೆ ಆ ಪ್ಯಾಕೆಟ್ ಏನೋ ಮುಚ್ಚಿಡ್ತಿದೆ.

ಎಲ್ಲಾ ಸರಿ ಇದ್ದು 0.4, 0.5 ಆಸುಪಾಸಲ್ಲೇ ನಿಂತಿದ್ರೆ ನನ್ನ ಅಭಿಪ್ರಾಯ, ಬಿಟ್ಬಿಡಿ. ಊಟದಿಂದ ಬರೋ ಕೀಟೋಸಿಸ್ (ರಕ್ತದಲ್ಲಿ ಕೀಟೋನ್ ಏರಿರೋ ಸ್ಥಿತಿ) ಅಂದ್ರೆ ಸಾಮಾನ್ಯವಾಗಿ 0.5ರಿಂದ 3.0, ಅದು ಪರೀಕ್ಷೆ ಮಾರ್ಕ್ಸ್ ಅಲ್ಲ, 2.0 ಇರೋರು 0.6 ಇರೋರಿಗಿಂತ ಜಾಸ್ತಿ ಕೊಬ್ಬು ಕರಗಿಸ್ತಿದಾರೆ ಅಂತ ಏನಿಲ್ಲ. ಕೀಟೋನ್ ಪೌಡರ್ ಕುಡಿದ್ರೆ ಮೈ ಕೊಬ್ಬು ಒಂದು ಗ್ರಾಂ ಕರಗ್ದಿದ್ರೂ ನಂಬರ್ ಏರುತ್ತೆ. ನಂಬರ್ ಏರಿಸೋಕೆ ಅಂತಾನೇ ಊಟ ಬಿಡೋದು, ಬಾಟಲಿಗಟ್ಟಲೆ ಎಣ್ಣೆ ಕುಡಿಯೋದು ಬೇಡ ಸ್ವಾಮಿ.

ಯೂರಿನ್ ಸ್ಟ್ರಿಪ್ ಒಂದು ಹೇಳುತ್ತೆ, ರಕ್ತ ಇನ್ನೊಂದು ಹೇಳುತ್ತೆ

ಎರಡೂ ಅಳೆಯೋ ವಸ್ತುನೇ ಬೇರೆ. ರಕ್ತದ ಮೀಟರ್ ಅಳೆಯೋದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಯೂರಿನ್ ಸ್ಟ್ರಿಪ್ ಬಣ್ಣ ತಿರುಗೋದು ಅಸಿಟೋಅಸಿಟೇಟ್‌ಗೆ, ಉಸಿರಿನ ಮೀಟರ್‌ಗೆ ಸಿಗೋದು ಅಸಿಟೋನ್. ಮೂತ್ರ ಅಂದ್ರೆ ಬ್ಲಾಡರ್‌ನಲ್ಲಿ ಗಂಟೆಗಟ್ಟಲೆ ಕೂಡಿದ್ದು, ಹಳೇ ಸುದ್ದಿ. ನೀರು ಜಾಸ್ತಿ ಕುಡಿದ್ರೆ ಬಣ್ಣ ತೆಳು, ಕಮ್ಮಿ ಕುಡಿದ್ರೆ ಗಾಢ. ತಿಂಗಳುಗಟ್ಟಲೆ ಡಯಟ್ ಮಾಡಿದೋರಲ್ಲಿ ರಕ್ತದಲ್ಲಿ ಕೀಟೋನ್ ಚೆನ್ನಾಗಿದ್ದೂ ಮೂತ್ರದಲ್ಲಿ ಬಣ್ಣ ಮಂಕಾಗೋದು ಮಾಮೂಲು. ಗಾಳಿಗೆ ಬಿಟ್ಟ ಹಳೇ ಸ್ಟ್ರಿಪ್ಪಲ್ಲಿ ಕೀಟೋನ್ ಇದ್ರೂ ಇಲ್ಲ ಅಂತ ಬರುತ್ತೆ, ಬಿಪಿಗೆ ಕ್ಯಾಪ್ಟೋಪ್ರಿಲ್ ತಗೊಳ್ಳೋರಿಗೆ ಇಲ್ದಿದ್ರೂ ಇದೆ ಅಂತ ಬರ್ಬಹುದು.

ಕುತೂಹಲಕ್ಕೆ ನೋಡೋರಿಗೆ ಯೂರಿನ್ ಸ್ಟ್ರಿಪ್ ಸಾಕು. ಡಯಾಬಿಟಿಸ್ ಇದ್ದು ಹುಷಾರಿಲ್ದಿರೋವಾಗ ಮಾತ್ರ ರಕ್ತದಲ್ಲೇ ನೋಡಿ. ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯ ಆಗೋ, ಪ್ರಾಣಕ್ಕೇ ಅಪಾಯದ ಸ್ಥಿತಿ) ಆದಾಗ ರಕ್ತದಲ್ಲಿ ಮುಖ್ಯವಾಗಿ ಏರೋದು ಬೀಟಾ ಹೈಡ್ರಾಕ್ಸಿಬ್ಯುಟಿರೇಟೇ, ಯೂರಿನ್ ಸ್ಟ್ರಿಪ್ಪಿಗೆ ಅದು ಕಾಣ್ಸೋದೇ ಇಲ್ಲ.

ರಾತ್ರಿ ಏನೂ ತಿಂದಿಲ್ಲ, ಬೆಳಿಗ್ಗೆ ಶುಗರ್ ಮಾತ್ರ ಏರಿರುತ್ತೆ

ಬೆಳಗಿನ ಜಾವ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಎಲ್ಲಾ ಏರುತ್ತೆ, ಎದ್ದು ಓಡಾಡೋಕೆ ಬೇಕಲ್ಲಾ ಅಂತ ಲಿವರು ಗ್ಲೂಕೋಸ್ ಬಿಡುತ್ತೆ. ಇದು ಎಲ್ಲರಲ್ಲೂ ಆಗೋದೇ. ಲೋ ಕಾರ್ಬ್‌ನವರಲ್ಲಿ ಇನ್ನೊಂದು ಕಾರಣ ಸೇರುತ್ತೆ, ಸ್ನಾಯುಗಳು ಕೊಬ್ಬನ್ನ ಉರಿಸೋಕೆ ಒಗ್ಗಿರೋದ್ರಿಂದ ಗ್ಲೂಕೋಸ್‌ನ ಮುಟ್ದೇ ಮಿದುಳಿಗೆ ಬಿಡ್ತವೆ, ಹಂಗಾಗಿ ದಿನವೆಲ್ಲಾ 85, 90 ಇದ್ದು ಬೆಳಿಗ್ಗೆ ಮಾತ್ರ 105 ಕಾಣಿಸ್ಬಹುದು.

ನಿದ್ದೆ ಕೆಟ್ಟಿತ್ತಾ, ಶೀತ ಜ್ವರ ಇತ್ತಾ, ಮಂಡಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ತಗೊಂಡ್ರಾ, ನೋಡ್ಕೊಳ್ಳಿ. ಆಮೇಲೆ ಒಂದೆರಡು ದಿನ ಮಲಗೋ ಮುಂಚೆ, ರಾತ್ರಿ 3ಕ್ಕೆ, ಎದ್ದಾಗ, ಊಟಕ್ಕೆ ಮುಂಚೆ ನೋಡಿ. 3 ಗಂಟೆಗೆ ಸರಿಯಿದ್ದು ಎದ್ದಾಗ ಏರಿ, ಮಧ್ಯಾಹ್ನಕ್ಕೆ ತಾನಾಗೇ ಇಳಿದ್ರೆ ಜಾವದ ಹಾರ್ಮೋನ್ ಕೆಲ್ಸ. ಮಲಗೋವಾಗ್ಲೇ ಏರಿದ್ರೆ ರಾತ್ರಿ ಊಟ. ಇನ್ಸುಲಿನ್ ತಗೊಳ್ಳೋರಿಗೆ 3 ಗಂಟೆಗೆ 70ಕ್ಕಿಂತ ಕೆಳಗೆ ಬಂದ್ರೆ ಮೊದ್ಲು ಗ್ಲೂಕೋಸ್ ತಗೊಂಡು ಅದನ್ನ ಸರಿಮಾಡ್ಕೊಳ್ಳಿ, ಬೆಳಗಾದ್ಮೇಲೆ ಡಾಕ್ಟರಿಗೆ ಹೇಳಿ.

'ಲೋ ಕಾರ್ಬ್ ಮಾಡಿದ್ರೆ ಹಂಗೇ' ಅಂತ ಎಲ್ಲಾನೂ ಅದ್ರ ತಲೆಗೆ ಕಟ್ಬೇಡಿ. ಖಾಲಿ ಹೊಟ್ಟೇಲಿ ಎರಡು ಬೇರೆ ಬೇರೆ ದಿನ 126 ಅಥವಾ ಮೇಲೆ ಬಂದ್ರೆ ಲ್ಯಾಬ್ ಟೆಸ್ಟ್ ಮಾಡಿಸಿ.

ಕೈ ನಡುಗ್ತಿದೆ, ಬೆವರು, ಶುಗರ್ 62

ಶುಗರ್ ಇಳಿಸೋ ಮಾತ್ರೆ, ಇನ್ಸುಲಿನ್ ಏನೂ ಇಲ್ದಿರೋರಿಗೆ ಕೀಟೋಸಿಸ್‌ನಲ್ಲಿ 65, 68 ಬಂದು ಏನೂ ಅನ್ನಿಸ್ದೇ ಇರೋದುಂಟು, ಕೈ ತೊಳೆದು ಮತ್ತೆ ನೋಡಿದ್ರಾಯ್ತು. ಆದ್ರೆ ಇನ್ಸುಲಿನ್, ಇಲ್ಲಾ ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ತಗೊಳ್ಳೋರಿಗೆ ಇದು ಆಟ ಅಲ್ಲ. ಡೋಸ್ ಹಳೇ ಊಟಕ್ಕೆ ಲೆಕ್ಕ ಹಾಕಿದ್ದು, ಊಟ ಬದಲಾಯ್ತು, ಡೋಸ್ ಹಾಗೇ ಉಳೀತು. ಇಂಥೋರು ಡಯಟ್ ಶುರು ಮಾಡೋ ಮುಂಚೆನೇ ಡಾಕ್ಟರ್ ಹತ್ರ ಡೋಸ್ ಮಾತಾಡ್ಬೇಕು, ಇಳಿದ್ಮೇಲಲ್ಲ.

70ಕ್ಕಿಂತ ಕೆಳಗೆ ಬಂದು ಸುಸ್ತು ನಡುಕ ಇದ್ರೆ, ಇಲ್ಲಾ ಇನ್ಸುಲಿನ್, ಈ ಥರದ ಮಾತ್ರೆ ತಗೊಳ್ಳೋರಾದ್ರೆ ಏನೂ ಅನ್ನಿಸ್ದಿದ್ರೂ, 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲಾಂದ್ರೆ ಇನ್ನೊಂದು 15. ಕೊಬ್ಬಿರೋ ಚಾಕೊಲೇಟ್ ನಿಧಾನ, ಬೇಡ. ಅಕಾರ್ಬೋಸ್ (ಕಾರ್ಬ್ ಜೀರ್ಣ ಆಗೋದನ್ನ ನಿಧಾನ ಮಾಡೋ ಡಯಾಬಿಟಿಸ್ ಮಾತ್ರೆ) ತಗೊಳ್ಳೋರಿಗೆ ಸಕ್ಕರೆನೂ ನಿಧಾನ, ಗ್ಲೂಕೋಸೇ ಬೇಕು. ಕೀಟೋಸಿಸ್ ಹಾಳಾಗುತ್ತೆ ಅಂತ ಗ್ಲೂಕೋಸ್ ಮುಟ್ದೇ ಕೂತವರನ್ನ ನಾನೇ ನೋಡಿದೀನಿ, ಕೀಟೋಸಿಸ್ ನಾಳೆ ವಾಪಸ್ ಬರುತ್ತೆ ಮಾರಾಯ್ರೆ. 54ಕ್ಕಿಂತ ಕೆಳಗೆ ಅಂದ್ರೆ ಗಂಭೀರ, ಪಕ್ಕದಲ್ಲಿ ಯಾರಾದ್ರೂ ಇರ್ಲಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಆಂಬುಲೆನ್ಸ್ ಕರೀರಿ. ಬೀಟಾ ಬ್ಲಾಕರ್ (ಬಿಪಿಗೆ, ಹೃದಯಕ್ಕೆ ಕೊಡೋ ಒಂದು ಥರದ ಮಾತ್ರೆ) ತಗೊಳ್ಳೋರಿಗೆ ಎದೆ ಬಡಿತ, ನಡುಕ ಗೊತ್ತಾಗ್ದೇ ಹೋಗ್ಬಹುದು, ಬೆವರು ಬಂದ್ರೂ ಸಾಕು, ನೋಡಿ.

ಮೈಗೆ ಅಂಟಿಸೋ ಶುಗರ್ ಸೆನ್ಸರ್ ಇರೋರಿಗೆ ನಡುರಾತ್ರಿ ಅಲಾರಂ ಹೊಡ್ಕೊಂಡ್ರೆ ಆ ಕೈ ಮೇಲೇ ಮಲಗಿದ್ರಾ ನೋಡಿ, ಒತ್ತಡ ಬಿದ್ರೆ ಸುಳ್ಳು ಇಳಿತ ಕಾಣ್ಸುತ್ತೆ. ಸೆನ್ಸರ್ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆನೂ ಇರುತ್ತೆ. ಅನುಮಾನ ಬಂದ್ರೆ ಬೆರಳು.

ಕೀಟೋನ್ ಜಾಸ್ತಿ ಆಗಿದೆ

ಇದನ್ನ ಒಂಟಿಯಾಗಿ ಓದ್ಲೇಬೇಡಿ. ಪಕ್ಕದಲ್ಲಿ ಶುಗರ್ ಎಷ್ಟು, ಮೈ ಹೇಗಿದೆ, ಯಾವ ಮಾತ್ರೆ, ಈ ಮೂರೂ ಬೇಕು.

ಡಯಾಬಿಟಿಸ್ ಇಲ್ಲ, ಆರಾಮಾಗಿದೀರ, ಶುಗರ್ 80, ಕೀಟೋನ್ 2.4. ಇದು ಡಯಟ್ ಕೆಲ್ಸ ಮಾಡ್ತಿರೋದು ಅಷ್ಟೇ. ಜೋರು ವ್ಯಾಯಾಮ, ಉದ್ದದ ಉಪವಾಸ ಆದ್ಮೇಲೆ ಇನ್ನೂ ಏರುತ್ತೆ. ಇನ್ಸುಲಿನ್ ಸ್ವಲ್ಪ ಇದ್ರೂ ಸಾಕು, ಅದು ಕೀಟೋನ್ ಉತ್ಪತ್ತಿಗೆ ಬ್ರೇಕ್ ಹಾಕ್ತಾನೇ ಇರುತ್ತೆ. ಆ ಬ್ರೇಕ್ ಇಲ್ದಿರೋದೇ ಕೀಟೋಅಸಿಡೋಸಿಸ್.

ಡಯಾಬಿಟಿಸ್ ಇರೋರಿಗೆ ಲೆಕ್ಕ ಬೇರೆ. 0.6ರ ಕೆಳಗೆ ಮಾಮೂಲು. 0.6ರಿಂದ 1.5 ಅಂದ್ರೆ ಒಂದೆರಡು ಗಂಟೇಲಿ ಮತ್ತೆ ನೋಡಿ. 1.5ರಿಂದ 3.0 ಅಪಾಯದ ಕಡೆ ಹೋಗ್ತಿದೆ, ಡಾಕ್ಟರಿಗೆ ಫೋನ್ ಮಾಡಿ. 3.0 ಅಥವಾ ಮೇಲೆ ಎಮರ್ಜೆನ್ಸಿ. ಬೇಕಂತಲೇ ಲೋ ಕಾರ್ಬ್ ಮಾಡ್ತಿರೋ ಡಯಾಬಿಟಿಸ್‌ನವರಿಗೆ ದಿನಾ 0.8, 1.0 ಇರ್ಬಹುದು, ಅದಕ್ಕೇ ಹುಷಾರಾಗಿರೋವಾಗ್ಲೇ ನಿಮ್ಮ ಮಾಮೂಲಿ ನಂಬರ್ ಬರೆದಿಟ್ಟು, ಎಷ್ಟಾದ್ರೆ ಫೋನ್ ಮಾಡ್ಬೇಕು ಅಂತ ಡಾಕ್ಟರ್ ಹತ್ರ ಮೊದ್ಲೇ ಕೇಳಿಟ್ಕೊಳ್ಳಿ. ಇನ್ಸುಲಿನ್ ತಗೊಳ್ಳೋರು ಊಟ ಸೇರ್ತಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸೋ ಹಾಗಿಲ್ಲ. ಇನ್ಸುಲಿನ್ ಪಂಪ್ ಇರೋರು ಟ್ಯೂಬ್ ಮಡಚಿದ್ಯಾ, ಸೂಜಿ ಜಾಗ ಸೋರ್ತಿದ್ಯಾ ಮೊದ್ಲು ನೋಡಿ.

ಈಗ ಈ ಬರಹದಲ್ಲಿ ಒಂದೇ ಒಂದು ಪ್ಯಾರಾ ಓದೋದಾದ್ರೆ ಇದನ್ನ ಓದಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್, ಹೀಗೆ 'ಗ್ಲಿಫ್ಲೋಜಿನ್' ಅಂತ ಮುಗಿಯೋ ಮಾತ್ರೆಗಳು ಶುಗರನ್ನ ಮೂತ್ರದಲ್ಲಿ ಆಚೆ ಹಾಕ್ತವೆ. ಹಂಗಾಗಿ ಕೀಟೋಅಸಿಡೋಸಿಸ್ ಆಗ್ತಿದ್ರೂ ಮೀಟರಲ್ಲಿ ಶುಗರ್ 150, 180 ಅಂತ ಸಾಧುವಾಗಿ ಕಾಣ್ಸುತ್ತೆ, 'ಶುಗರ್ ಏನೂ ಇಲ್ವಲ್ಲ, ಗ್ಯಾಸ್ ಇರ್ಬೇಕು' ಅಂತ ಜನ ಮಲಗ್ಬಿಡ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಮಾತ್ರೆಗಳಿಂದ ಕೀಟೋಅಸಿಡೋಸಿಸ್ ಆಗ್ಬಹುದು ಅಂತ ಎಚ್ಚರಿಕೆ ಕೊಟ್ಟಿತ್ತು. ಕಾರ್ಬ್ ಕಮ್ಮಿ ಮಾಡೋದು, ಉಪವಾಸ, ಮದ್ಯ, ವಾಂತಿ ಭೇದಿ, ಆಪರೇಷನ್ ಇವೆಲ್ಲಾ ಆ ಅಪಾಯನ ಏರಿಸ್ತವೆ. ಹೃದಯಕ್ಕೋ ಕಿಡ್ನಿಗೋ ಅಂತ ಬರೆದುಕೊಟ್ಟಿರ್ಬಹುದು, ಮಾತ್ರೆ ಚೀಟಿ ಓದಿ. ಇದನ್ನ ತಗೊಳ್ತಾ ಲೋ ಕಾರ್ಬ್ ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳ್ಲೇಬೇಕು. ಹುಷಾರಿಲ್ದೇ ಊಟ ನೀರು ಸೇರ್ದಿರೋ ದಿನಗಳಲ್ಲಿ ಈ ಮಾತ್ರೆ ನಿಲ್ಲಿಸೋಕೆ ಹೇಳೋದೇ ವಾಡಿಕೆ, ನಿಮಗೆ ಹೇಗೆ ಅಂತ ಮೊದ್ಲೇ ಕೇಳಿಟ್ಕೊಳ್ಳಿ. ಹೊಟ್ಟೆ ತೊಳಸ್ತಿದೆ, ವಾಂತಿ, ಉಸಿರಾಟ ಸರಿ ಇಲ್ಲ ಅಂದ್ರೆ ಶುಗರ್ ಎಷ್ಟೇ ಇರ್ಲಿ ಸೀದಾ ಆಸ್ಪತ್ರೆ, ಸ್ಟ್ರಿಪ್ ಕೈಯಲ್ಲೇ ಇದ್ರೆ ಕೀಟೋನ್ ನೋಡಿ. ಸ್ಟ್ರಿಪ್ ಇಲ್ಲಾಂದ್ರೆ ಹುಡುಕ್ತಾ ಕೂರ್ಬೇಡಿ, ಆಸ್ಪತ್ರೆಗೆ ಹೋದ ತಕ್ಷಣ ಆ ಮಾತ್ರೆ ಹೆಸ್ರು ಹೇಳಿ.

ಗರ್ಭಿಣಿಯರು, ಎದೆಹಾಲು ಕುಡಿಸ್ತಿರೋರು, ಡಯಾಬಿಟಿಸ್ ಇಲ್ದಿದ್ರೂ ಕೀಟೋನ್ ಏರಿದ್ರೆ ಅಪಾಯ ಇರೋ ಗುಂಪಿಗೇ ಸೇರಿದೋರು. ಹಾಲಿಗೆ ಅಂತ ಮೈಯಿಂದ ಗ್ಲೂಕೋಸ್ ಹೋಗ್ತಿರೋವಾಗ ಕಾರ್ಬ್ ತೀರಾ ಇಳಿಸಿ ಕೀಟೋಅಸಿಡೋಸಿಸ್ ಆಗಿರೋ ಕೇಸ್‌ಗಳಿವೆ, ಅಪರೂಪ ಆದ್ರೂ ಇವೆ.

ತಲೆನೋವು, ಸುಸ್ತು, ಎದ್ದರೆ ಕಣ್ಣು ಕತ್ತಲೆ, ಆದ್ರೆ ಎರಡೂ ನಂಬರ್ ಸರಿ ಇದೆ

ಮೊದಲ ಒಂದೆರಡು ವಾರದಲ್ಲಿ ಇನ್ಸುಲಿನ್ ಇಳಿದ ಹಾಗೆ ಕಿಡ್ನಿ ಉಪ್ಪು ನೀರು ಜಾಸ್ತಿ ಆಚೆ ಹಾಕುತ್ತೆ, ಆಗ ಹೀಗಾಗೋದು. ಬಿಪಿ, ಕಿಡ್ನಿ, ಹೃದಯದ ತೊಂದ್ರೆ ಇಲ್ದಿರೋರಿಗೆ ನೀರಿನ ಜೊತೆ ಊಟದಲ್ಲಿ ಸ್ವಲ್ಪ ಉಪ್ಪು ಸೇರಿಸಿದ್ರೆ ಸರಿಹೋಗುತ್ತೆ. ಬಿಪಿ ಮಾತ್ರೆ ತಗೊಳ್ಳೋರು ಉಪ್ಪಿಗೆ ಕೈ ಹಾಕೋ ಮುಂಚೆ ಬಿಪಿ ನೋಡಿ, ಮಾತ್ರೆ ಡೋಸೇ ಈಗ ಜಾಸ್ತಿ ಆಗಿರ್ಬಹುದು, ಡಾಕ್ಟರಿಗೆ ಹೇಳಿ.

ಮೀಟರ್ ಲ್ಯಾಬ್ ರಿಪೋರ್ಟಿಗೆ ಹೊಂದ್ತಿಲ್ಲ

ಹೋಲಿಸ್ಬೇಕಂದ್ರೆ ಖಾಲಿ ಹೊಟ್ಟೇಲಿ, ಲ್ಯಾಬ್‌ನಲ್ಲಿ ರಕ್ತ ತೆಗೆದ ಐದು ಹತ್ತು ನಿಮಿಷದೊಳಗೆ ಬೆರಳಲ್ಲೂ ನೋಡಿ. ಊಟ ಆದ್ಮೇಲೆ ಬೆರಳ ರಕ್ತದಲ್ಲಿ ಶುಗರ್ ಲ್ಯಾಬಲ್ಲಿ ಕೈಯ ರಕ್ತನಾಳದಿಂದ ತೆಗೆಯೋ ರಕ್ತಕ್ಕಿಂತ ಸಹಜವಾಗೇ ಜಾಸ್ತಿ ಇರುತ್ತೆ, ಆಗ ಹೋಲಿಸಿ ಮೀಟರ್‌ಗೆ ಬಯ್ಯೋದು ನ್ಯಾಯ ಅಲ್ಲ. ಟ್ಯೂಬಲ್ಲಿ ರಕ್ತ ಗಂಟೆಗಟ್ಟಲೆ ಹಾಗೇ ಕೂತಿದ್ರೆ ರಕ್ತಕಣಗಳೇ ಗ್ಲೂಕೋಸ್ ತಿಂದು ಲ್ಯಾಬ್ ನಂಬರ್ ಇಳಿದಿರುತ್ತೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಮನೆ ನಂಬರಿಗಿಂತ ತೀರಾ ಬೇರೆ ಬಂದ್ರೆ ಕಬ್ಬಿಣದ ಕೊರತೆ ನೋಡಿಸಿ, ಅದು ಎಚ್‌ಬಿಎ1ಸಿನ ಸುಳ್ಳಾಗಿ ಏರಿಸುತ್ತೆ.

ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡೋ ಟೆಸ್ಟ್ ಬರೆದುಕೊಟ್ರೆ ಲೋ ಕಾರ್ಬ್ ವಿಷ್ಯ ಮುಚ್ಚಿಡ್ಬೇಡಿ. ಆ ಟೆಸ್ಟಿಗೆ ಮುಂಚೆ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿಂದಿರ್ಬೇಕು, ಇಲ್ಲಾಂದ್ರೆ ಅಭ್ಯಾಸ ತಪ್ಪಿರೋ ಮೈಗೆ ಒಂದೇ ಸಲ 75 ಗ್ರಾಂ ಗ್ಲೂಕೋಸ್ ಬಿದ್ದು, ಇಲ್ದಿರೋ ಡಯಾಬಿಟಿಸ್ ರಿಪೋರ್ಟಲ್ಲಿ ಬಂದ್ಬಿಡುತ್ತೆ. ಆದ್ರೆ ಮಾತ್ರೆ ಇನ್ಸುಲಿನ್ ತಗೊಳ್ಳೋರು ಆ ಮೂರು ದಿನದ ಊಟನ ಡಾಕ್ಟರನ್ನ ಕೇಳದೇ ಬದಲಾಯಿಸ್ಬೇಡಿ.